ಮೀನಿಗೆ ಆಗದ ಪಾತ್ರೆ

ಬಿಸ್ವಾಲ್ ಬಾಯಿಯ ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು.
ನೌಕಾನೆಲೆಯ ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತು
ಆರು ವರ್ಷದ ನೊಗಲಿ, ಸೆಟ್ಲಿ, ಇಸ್ವಣದ ಬಾಕಿ ಚುಕ್ತಾ ಮಾಡಿ
ಕೈಗಿಟ್ಟಳು ಈ ಪಾತ್ರೆ:
ಒಳಗೆ ಕಪ್ಪು ಪಿಂಗಾಣಿ, ಮೇಲೆ ಗಾಜಿನ ಮುಚ್ಚಳ,
ಹಿಂದೆ ಬಾಲದ ಹಾಗೆ ವಯರು.
"ಎಂಟು ತಾಸು ಬೇಯಿಸ್ತದೆ, ಶೇವಂತಿ. ಕಾಯ್ತಾ ಕೂರಬೇಕಿಲ್ಲ."

ಎಂಟು ತಾಸು!
ನನ್ನ ಕಸುಬಿನಲ್ಲಿ ಎಂಟು ತಾಸು ಅಂದರೆ ಕೊಳೆತ ಮಾಲು.
ಬೈತಕೋಲದಲ್ಲಿ ನಾಲ್ಕಕ್ಕೆ ಹರಾಜು,
ಐದಕ್ಕೆ ಬರ್ಫ, ಆರಕ್ಕೆ ಟೆಂಪೊ,
ಏಳಕ್ಕೆ ಕಾರವಾರ ಪೇಟೆಯ ಕಟ್ಟೆ,
ಆಮೇಲೆ ಬಾಯಿ, ಕತ್ತಿ, ತಕ್ಕಡಿ, ಮೂರೂ ನಿಲ್ಲುವಂತಿಲ್ಲ.
ಬಿಸಿಲು ನೆತ್ತಿಗೇರಿದರೆ
ನೂರಕ್ಕೆ ಆರು ಬಂಗಡೆ ನೂರಕ್ಕೆ ಹತ್ತು.

ಮೊದಲ ದಿನ ಬಂಗಡೆಯನ್ನೇ ಹಾಕಿದೆ. ಬೇರೆ ಏನು ಹಾಕಲಿ?
ಅರೆದ ಕಾಯಿ, ಬ್ಯಾಡಗಿ, ನಾಲ್ಕು ಜುಮ್ಮನಕಾಯಿ, ಮುರುಗಲ ಸಿಪ್ಪೆ.
ಸಂಜೆ ಮುಚ್ಚಳ ತೆಗೆದರೆ
ಮೀನಿಲ್ಲ, ಮುಳ್ಳಿದೆ.
ಬೆಕ್ಕು ಮೂಸಿತು, ನನ್ನ ಮುಖ ನೋಡಿತು, ಹೊರಟುಹೋಯಿತು.
ಅತ್ತೆ ಅಂದಳು: ಹೊಗೆ ಏಳದ ಅಡುಗೆ
ದೇವರಿಗೂ ಗೊತ್ತಾಗುವುದಿಲ್ಲ.

ಜೂನ್ ಬಂತು. ಬೋಟುಗಳು ದಡ ಹತ್ತಿದವು.
ಬಲೆಗೆ ರಜೆ, ದಾಮುವಿಗೆ ರಜೆ. ನನಗೆಲ್ಲಿ?
ಒಣಮೀನಿನ ಗಂಟು ಹೊತ್ತು ಕದ್ರಾ ತನಕ ಬಸ್ಸು.
ಹೊರಡುವ ಮುಂಚೆ ಕತ್ತಲಲ್ಲೇ, ಹಾಳಾದರೆ ಹಾಳಾಗಲಿ ಅಂತ
ಎರಡು ಹಿಡಿ ಹುರುಳಿ ಸುರಿದು, ನೀರು ಹೊಯ್ದು,
ಗುಂಡಿ ತಿರುಗಿಸಿದೆ.

ಬಸ್ಸಿನ ಕಿಟಕಿಗೆ ತಲೆಯಾನಿಸಿ ಯೋಚಿಸಿದೆ:
ಮೇಲೆ ಕೈಗಾದಲ್ಲಿ ಅಣು ಒಡೆಯುತ್ತಾರಂತೆ,
ಕಣ್ಣು ಮಿಟುಕಿಸುವುದರೊಳಗೆ.
ಆ ಬೆಂಕಿ ತಂತಿ ಹಿಡಿದು, ಕಾಳಿ ಹೊಳೆಯ ಗುಂಟ ಇಳಿದು ಬಂದು
ನಮ್ಮ ಮನೆಯ ಒಂದು ಹುರುಳಿಕಾಳು ಬಿರಿಯಲು
ಬೆಳಗಿನಿಂದ ಸಂಜೆ ಮಾಡುತ್ತಿದೆ.
ಒಬ್ಬಳೇ ನಕ್ಕೆ. ಕಂಡಕ್ಟರು ತಿರುಗಿ ನೋಡಿದ.

ಆ ಸಂಜೆ, ನಾನು ಚಪ್ಪಲಿ ಬಿಡುವ ಮೊದಲೇ
ಮನೆಯೊಳಗಿನ ಘಮ ಅಂಗಳಕ್ಕೆ ಬಂದಿತ್ತು.
ಕಟ್ಟಿಗೆ ಬೆಳ್ಳುಳ್ಳಿ ಒಗ್ಗರಣೆ, ಕಾಳಿಗೆ ಕಾಯಿತುರಿ.
ಉಂಡು ಬಟ್ಟಲು ನೆಕ್ಕಿದ ದಾಮು ಕೇಳಿದ: ನಾಳೆ?

ನಾಳೆ ಕೆಂಪಕ್ಕಿ ಗಂಜಿ, ಉಪ್ಪಿನಲ್ಲಿಟ್ಟ ಮಿಡಿ.
ಮತ್ತೊಂದು ದಿನ ಕುಮಟೆಯ ಈರುಳ್ಳಿ ಜಡೆಯಿಂದ ಏಳು ಗಡ್ಡೆ ಕಿತ್ತು
ಬೆಲ್ಲದ ಬಣ್ಣಕ್ಕೆ ಬರುವ ತನಕ ಬಿಟ್ಟೆ; ರೊಟ್ಟಿ ಸಾಲಲಿಲ್ಲ.
ಹಲಸಿನ ಬೀಜಕ್ಕೆ ಕಡಲೆ, ಮೊಗೆಕಾಯಿ.
ಬಿಸ್ವಾಲ್ ಬಾಯಿಯ ಊರಿನ ದಾಲ್ಮಾ,
ಬೇಳೆಯಲ್ಲಿ ಬಾಳೆಕಾಯಿ, ಕುಂಬಳ, ಕೆಸುವಿನ ಗಡ್ಡೆ;
ಸಾಂಬಾರು ಎಂದೇ ತಿಂದರು, ನಾನೂ ತಿದ್ದಲಿಲ್ಲ.
ರವಿವಾರ ಮುದಿ ಹುಂಜ:
ಕುಕ್ಕರಿನ ಹನ್ನೆರಡು ಸೀಟಿಗೂ ಜಗ್ಗದ ಜಾತಿ,
ಇಲ್ಲಿ ಸದ್ದಿಲ್ಲದೆ ಮೂಳೆ ಬಿಟ್ಟಿತು.

ಚೀಟಿ ಓದಿ ಹೇಳಿದಳು ತಂಗಿಯ ಮಗಳು ದೀಕ್ಷಾ:
"ಮುಚ್ಚಳ ತೆಗೀಬಾರ್ದು. ಒಮ್ಮೆ ತೆಗೆದರೆ
ಇಪ್ಪತ್ತು ನಿಮಿಷ ಲುಕ್ಸಾನು."

ಒಂದು ಮಧ್ಯಾಹ್ನ ಬೇಗ ಬಂದೆ.
ಅತ್ತೆ ಪಾತ್ರೆಯ ಪಕ್ಕ ಕೂತಿದ್ದಳು,
ಸೊಟ್ಟಗಾದ ಬೆರಳುಗಳನ್ನು ಮುಚ್ಚಳದ ಮೇಲೆ ಹರಡಿ.
"ತೆಗೆಯಲಿಲ್ಲ," ಅಂದಳು ಕಳ್ಳಿಯ ಹಾಗೆ. "ಬೆಚ್ಚಗಿದೆ."
ತಡೆದು: "ಬಳಚು ಆರಿಸಲು ಹೊಳೆಗೆ ಹೋಗುವಾಗ ನಮ್ಮವ್ವ
ಕಾಯಿಸಿಪ್ಪೆಯ ಕೆಂಡದಲ್ಲಿ ಗಡಿಗೆ ಹುಗಿದು ಹೋಗ್ತಿದ್ದಳು.
ನೀರು ಇಳಿಯುವುದಕ್ಕೂ, ಅದು ಬೇಯುವುದಕ್ಕೂ ಸರಿಹೋಗ್ತಿತ್ತು.
ಒಂದು ಇಳಿತದ ಅಡುಗೆ ಅಂತಿದ್ದೆವು."
ಅಷ್ಟು ಮಾತು ಅವಳ ಬಾಯಲ್ಲಿ ನಾನು ಕೇಳಿದ್ದಿಲ್ಲ,
ಹದಿನೇಳು ವರ್ಷದಲ್ಲಿ.

ಆಗಸ್ಟಿನಲ್ಲಿ ಬೋಟು ಇಳಿದವು. ಕಟ್ಟೆಯ ಮೇಲೆ ಬುಟ್ಟಿ, ನೊಣ, ಗಲಾಟೆ.
ವಿಶಾಖಪಟ್ಟಣದಿಂದ ಫೋನು:
ನೀನು ಹೇಳಿದ ಹುರುಳಿಗೆ ಎಷ್ಟು ತಾಸು?
"ಒಂದು ಇಳಿತ," ಅಂದೆ. "ಹಳೆ ಕಾಳಾದರೆ
ಅರ್ಧ ಭರತ ಜಾಸ್ತಿ."
ಏನು? ಏನಂದೆ?
"ಅಲ್ಲೂ ಸಮುದ್ರ ಇದೆಯಲ್ಲ ಬಾಯಿ, ಹೋಗಿ ನೋಡಿ."
ಅಷ್ಟರಲ್ಲಿ ಯಾರೋ ತಾರ್ಲಿ ಹೇಗೆ ಅಂದರು.
ಫೋನು ಸೊಂಟಕ್ಕೆ ಸಿಕ್ಕಿಸಿ
ಕತ್ತಿ ತೆಗೆದುಕೊಂಡೆ.