ಚಿಲಕ

ಕಳವಾದ ಸ್ಕೂಟರ್ ಸಿಕ್ಕದ ಅಂತ
ಹೇಳ್ಲಾಕ ಬಂದಿದ್ದನಂತ ಪೇದೆ ಭೀಮಶಾ.
ನಾ ಒಳಗ ಜಂಪರ್ ಹೊಲಿಲಕತ್ತಿದ್ದೆ,
ಮಶೀನ್ ಸಪ್ಪಳದಾಗ ಗೇಟು ಕೇಳಲಿಲ್ಲ.
ಲಾಠಿ ಕೇಳಿತು. ಎರಡು ಸಲ.

ಫರ್ಸಿ ಮ್ಯಾಲ ಬಾದಾಮಿ,
ಬಾಲ ಇನ್ನಾ ಅಲ್ಲಾಡತಿತ್ತು.
ಅವನ ಮೊಣಕಾಲ ಕೆಳಗ ನಾಲ್ಕು ಹಲ್ಲು.

ಅರ್ಜಿ ಬರಕೊಂಡು ಠಾಣೆಗೆ ಹೋದೆ:
ಸಾಕಿದ ನಾಯಿ ಸಾಹೇಬ್ರ, ಕೊರಳಾಗ ಪಟ್ಟಿ ಇತ್ತು.
ಸ್ಕೂಟರಿನ ಅರ್ಜಿ ತಗೊಂಡ ಅದೇ ರೈಟರ್
ಚಷ್ಮಾ ಏರಿಸಿ ಕೇಳಿದ:
'ಪಟ್ಟಿ ಇತ್ತು, ಖರೆ. ಚಿಲಕ ಇತ್ತೇನವ್ವ?'

ಹೋಳಿ ಹುಣ್ಣಿಮಿಗಿ ಮುರದದ್ದು.
ಈಗ ಶ್ರಾವಣ. ನಡುವ ಒಂದು ತಂತಿ,
ಮತ್ತ ದಿನಾ ಒಂದು ನಾಳೆ.
ಶಹಾಬಜಾರಿನ ಇಡೀ ಗಲ್ಲಿಗೆ ಹೇಳಿದ್ದೆ,
ಕಚ್ಚಂಗಿಲ್ಲ, ಸುಮ್ನ ಮೂಸತದ, ಹೆದರಬ್ಯಾಡ್ರಿ.
ಹಾಲಿನ ಹುಡುಗ ಗೋಡಿಗೆ ಆತು ನಿಂತು ನಗತಿದ್ದ.
ನಗತಿದ್ದನೋ?

ಬಾಕಿನ ಮ್ಯಾಲ ಭೀಮಶಾ, ಕಾಲು ಚಾಚಿ.
ಐದು ಇಂಜೆಕ್ಷನಿನಾಗ ಎರಡು ಮುಗದಾವ.
ಹೆಂಗದನೋ ಕಾಲು ಅಂತ ಕೇಳಲಿಲ್ಲ ನಾ.
ಮೊದಲನೇ ಏಟು ಹಲ್ಲಿಗೆ, ತಿಳೀತು,
ಎರಡನೇದು ಯಾಕೋ, ತಮ್ಮಾ?
ಅದನ್ನೂ ಕೇಳಲಿಲ್ಲ.
ಅಂವ ಗೋಡಿ ನೋಡಿದ, ನಾ ಅವನ ಬೂಟು.

ಬರ್ತಾ ಸೂಪರ್ ಮಾರ್ಕೆಟ್‌ನಾಗ ಚಿಲಕ ತಂದೆ,
ನಲವತ್ತು ರೂಪಾಯಿ, ಮೊಳಿ ಬ್ಯಾರೆ.

ನಿನ್ನೆ ಸ್ಕೂಟರಿನ ಕಾಗದ ಹಿಡದು
ಹೊಸ ಪೇದೆ ಬಂದ. ಎಳೇ ಹುಡುಗ.
ಗೇಟಿನ ಹೊರಗೇ ನಿಂತು, ಲಾಠಿ ಬಿಗಿ ಹಿಡದು:
'ನಾಯಿ ಅದ ಏನ್ರಿ?'

'ಅದ,' ಅಂದುಬಿಟ್ಟೆ.