ಕಾಲುಚೀಲದ ಒಳಗು ಹೊರಗು

ಕಾಲುಚೀಲವನ್ನು ಮಗುಚಿ ತೊಡಿಸಬೇಕು,
ಹೊಲಿಗೆಯ ಗೆರೆ ಹೊರಕ್ಕೆ ಬರುವ ಹಾಗೆ.
ಎಡಗಾಲು ಮೊದಲು. ತಪ್ಪಿ ಬಲಗಾಲು ಹಿಡಿದೆನೋ
ಎಲ್ಲ ಬಿಚ್ಚಿ ಮತ್ತೆ ಹಾಸಿಗೆಯಿಂದಲೇ ಶುರು.
ಇಷ್ಟು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.
ಮಾಬ್ಲಿಗೆ ಈಗ ಏಳು.

ಹೋಲಿಹೆಡ್ಡಿನ ಬಂದರಿನಲ್ಲಿ ನನ್ನ ಕೆಲಸ
ಲಾರಿಗಳನ್ನು ಸಾಲಿಗೆ ಹಚ್ಚುವುದು.
ಗಾಳಿಗೆ ಸಿಕ್ಕಿ ಡಬ್ಲಿನ್ನಿನ ಹಡಗು ತಡವಾದರೆ
ಗಾಜು ಇಳಿಸಿ ಕೇಳುತ್ತಾರೆ: ಇನ್ನೆಷ್ಟು ಹೊತ್ತು?
ಗೊತ್ತಿಲ್ಲ ಅನ್ನುವ ಹಾಗಿಲ್ಲ.
"ಸಮಯ ತಿಳಿದೊಡನೆ ತಿಳಿಸುತ್ತೇವೆ" ಅನ್ನಬೇಕು.
ಮೊನ್ನೆ ಆಸ್ಪತ್ರೆಯಿಂದ ಬಂದ ಪತ್ರದಲ್ಲಿ
ಅದೇ ವಾಕ್ಯ,
ಒಂದು ಅಕ್ಷರ ಆಚೀಚೆ ಆಗದೆ.

ಸರತಿಗೆ ಹೆಸರು ಬರೆಸಿ ನೂರ ಹನ್ನೊಂದು ವಾರ.
ಆಟಿಸಂ ಇರಬಹುದು, ಇಲ್ಲದಿರಬಹುದು.
ಅರ್ಜಿ ಹಾಕಿದಾಗ ಬಾಯ್ತುಂಬ ಹಾಲುಹಲ್ಲು;
ಮುಂದಿನವು ಬಿದ್ದವು, ಬೇರೆ ಬಂದವು.
ಅಲ್ಲಿ ನಾನು ಬರೆದುಕೊಟ್ಟ ಹುಡುಗಿ
ಈಗ ಈ ಮನೆಯಲ್ಲಿ ಇಲ್ಲ.

ಮೂವತ್ತೆಂಟು ಪುಟದ ಪ್ರಶ್ನೆಗಳು.
ಎಂದೂ ಇಲ್ಲ, ಕೆಲವೊಮ್ಮೆ, ಆಗಾಗ, ಯಾವಾಗಲೂ:
ಒಂದಕ್ಕೆ ಗುರುತು ಹಾಕಿ.
ಆಟಿಕೆಯ ಕುದುರೆಗಳ ಜೊತೆ ಇಂಗ್ಲಿಷು, ನನ್ನ ಜೊತೆ ವೆಲ್ಷ್,
ಮೇಜಿನ ಕೆಳಗೆ ಯಾವುದೂ ಅಲ್ಲದ ಇನ್ನೊಂದು.
ಅದಕ್ಕೆ ಚೌಕ ಇರಲಿಲ್ಲ,
ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದೆ.

ಶಾಲೆಯಲ್ಲಿ ಏನೂ ತೊಂದರೆಯಿಲ್ಲವಂತೆ.
ಮಿಸ್ ಪ್ರಿಚರ್ಡ್ ಒಳ್ಳೆಯವಳು, ಮೆತ್ತಗೆ ಹೇಳುತ್ತಾಳೆ:
"ಇಂಥ ಮಕ್ಕಳು ತರಗತಿಗೆ ಹತ್ತಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ."
ಹೌದು. ಅಲ್ಲಿ ಸಿಯಾನ್ ನಕ್ಕಾಗ ಇವಳೂ ನಗುತ್ತಾಳೆ,
ಅರೆಕ್ಷಣ ತಡವಾಗಿ.
ಸಿಯಾನ್ ಕೂದಲನ್ನು ಕಿವಿಯ ಹಿಂದೆ ಸರಿಸುವ ಬಗೆಯನ್ನು
ಬಚ್ಚಲ ಕನ್ನಡಿಯೆದುರು ನಿಂತು
ಮತ್ತೆ, ಮತ್ತೆ, ಕಲಿಯುವುದನ್ನು
ಬಾಗಿಲ ಸಂದಿಯಲ್ಲಿ ಕಂಡವಳು ನಾನೊಬ್ಬಳೇ.

ಮೂರೂವರೆಗೆ ಗೇಟಿನಲ್ಲಿ ಕೈ ಹಿಡಿಯುತ್ತಾಳೆ.
ಬೇಕರಿ ದಾಟುವವರೆಗೆ ಏನಿಲ್ಲ.
ಚರ್ಚಿನ ಗೋಡೆಯವರೆಗೂ ಏನಿಲ್ಲ.
ಮನೆಯ ಬಾಗಿಲು ಮುಚ್ಚಿದ ಸದ್ದಿಗೆ
ಇಡೀ ದಿನ ಒಟ್ಟಿಗೇ ಅವಳ ಗಂಟಲಿಂದ ಹೊರಬೀಳುತ್ತದೆ.
ಬೂಟು ಒಂದೆಡೆ, ಕಾಲುಚೀಲ ಒಂದೆಡೆ.
ಪಕ್ಕದ ಮನೆಯ ಮುದುಕ ರೇಡಿಯೋ ಜೋರು ಮಾಡುತ್ತಾನೆ,
ಸಿಟ್ಟಿಗೋ ಮರ್ಯಾದೆಗೋ, ಕೇಳಿಲ್ಲ.

ಆಮೇಲೆ ಅಡುಗೆಮನೆಯ ಮೇಜಿನ ಕೆಳಗೆ
ಗೋಡೆಗೆ ಬೆನ್ನು ಕೊಟ್ಟು ಒಂದು ಗಂಟೆ.
ನಾನೂ ನೆಲಕ್ಕೆ ಕೂರುತ್ತೇನೆ. ಮುಟ್ಟುವುದಿಲ್ಲ.
ಟೋಸ್ಟನ್ನು ಉದ್ದಕ್ಕೆ ಕೊಯ್ದು
ತಟ್ಟೆಯನ್ನು ಮೆಲ್ಲಗೆ ಒಳಕ್ಕೆ ತಳ್ಳುತ್ತೇನೆ,
ಬೆಕ್ಕಿಗೆ ಇಟ್ಟ ಹಾಗೆ.
ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತದೆ.

ನನ್ನಮ್ಮ ಅನ್ನುತ್ತಾಳೆ: ನೀನೂ ಹೀಗೇ ಇದ್ದೆ,
ಎರಡೇಟು ಬಿಗಿದರೆ ಸರಿಹೋಗುತ್ತಿದ್ದೆ.
ಸರಿಹೋದೆನೇ ಅಮ್ಮಾ?
ನಲವತ್ತು ದಾಟಿದೆ. ಹೊಸ ಅಂಗಿ ಕೊಂಡರೆ
ಕತ್ತಿನ ಪಟ್ಟಿಯನ್ನು ಅಂಗಡಿಯ ಮೆಟ್ಟಿಲಲ್ಲೇ ಕತ್ತರಿಸುತ್ತೇನೆ.
ಕತ್ತರಿ ಯಾವತ್ತೂ ಕೈಚೀಲದಲ್ಲೇ ಇರುತ್ತದೆ.

ಈ ಗುರುವಾರವೂ ಮೇಜು, ಗೋಡೆ, ಟೋಸ್ಟು.
ಫೋನಿನ ಗಂಟೆ ಅವಳಿಗಾಗದು, ಸದ್ದು ಮುಚ್ಚಿಟ್ಟಿದ್ದೆ.
ಕಿಟಕಿಯ ಬಳಿ ಅದು ತಾನಾಗಿ ಬೆಳಗಿ
ತಾನಾಗಿ ಆರಿದ್ದು ಗೊತ್ತಾಗಲಿಲ್ಲ.
ಆಮೇಲೆ ನೋಡಿದರೆ ಒಂದು ದನಿ:
ಯಾರೋ ಬರಲಾಗದೆ ನಾಳೆಯ ಜಾಗ ಖಾಲಿ ಇತ್ತಂತೆ,
ಐದರೊಳಗೆ ಹೇಳಬೇಕಿತ್ತಂತೆ.
ಐದೂ ಇಪ್ಪತ್ತು. "ಮತ್ತೆ ಕರೆಯುತ್ತೇವೆ."

ಅಳಲಿಲ್ಲ. ಸಿಂಕಿನಲ್ಲಿ ಒಂದು ಲೋಟವಿತ್ತು,
ಅದನ್ನೇ ಮೂರು ಸಲ ತೊಳೆದೆ.
ಬೆನ್ನ ಹಿಂದೆ ತಟ್ಟೆ ಸರಿದ ಸದ್ದು.
ಮಾಬ್ಲಿ ಮೊಣಕೈ ಊರಿಕೊಂಡು ಹೊರಬಂದಳು,
ಕೂದಲಲ್ಲಿ ಟೋಸ್ಟಿನ ಪುಡಿ.
ಚೀಲಗಳನ್ನು ಹುಡುಕಿ ತಂದು, ಕೂತು,
ನನ್ನ ಮಡಿಲಿಗೆ ಕಾಲು ಚಾಚಿದಳು.

ಬಲಗಾಲು.

ಹೊಲಿಗೆಯನ್ನು ಹೊರಕ್ಕೆ ತಿರುಗಿಸಿದೆ.
ಏನೂ ಕೇಳಲಿಲ್ಲ.