ಕಿವಿ ತಪಾಸಣಿ

ಕಲಬುರಗಿ ದವಾಖಾನಿ. ಕಿವಿಗೆ ಎರಡು ಬಟ್ಟಲ ಕಟ್ಟಿ
ಗಾಜಿನ ಖೋಲಿಯಾಗ ಕೂಡಿಸ್ಯಾಳ ಶಗುಫ್ತಾ.
"ಕಾಕಾ, ಎಷ್ಟು ಸಣ್ಣ ಸಪ್ಪಳ ಬಂದ್ರೂ ಗುಂಡಿ ಒತ್ರಿ."

ಮೊದಲ ದಪ್ಪಂದು ಬಂತು.
ವಾಡಿ ಕಡಿ ಹೊಂಟ ಗೂಡ್ಸ್ ಗಾಡಿ
ಕಣ್ಣಿಗಿಂತ ಮೊದಲ ಅಂಗಾಲಿಗೆ ಬರ್ತದಲ್ಲ, ಹಂಗ.
ಒತ್ತಿದೆ.
ಎಮ್ಮಿ ಒದರಿದ್ದು. ಒತ್ತಿದೆ.
ಗಿರಣಿ ಪಟ್ಟಾ, ಒಳಗಿಂದ ನೀಲವ್ವ ಬೈಯೋದು,
ಒತ್ತಿದೆ, ಒತ್ತಿದೆ.

ಆಮ್ಯಾಲ ಆಕಿ ತಿರುಗಣಿ ತಿರುವ್ತಾ ಹೋದ್ಳು,
ನನ್ನ ಬೆರಳು ಸುಮ್ನ ಕುಂತ್ತು.

ಇಪ್ಪತ್ತರಿಂದ ಇಪ್ಪತ್ತು ಸಾವಿರ ಹರ್ಟ್ಜ್ ತನಕ
ಮನುಷ್ಯಾರ ಕಿವಿ ಹೊಲ ಅಂತ.
ನಂದು ನಾಕು ಸಾವಿರದ ಬದುವಿಗೇ ಮುಗೀತದ.

ಗೊತ್ತಿತ್ತು ನನಗ.
ನೀಲವ್ವ "ಸಾಕೇನು" ಅಂದ್ರ "ಆಕೇನು" ಅಂತ ಕೇಳಿ
ಹೂಂ ಅಂತಿದ್ದೆ, ತಾಟ ತುಂಬ ಅನ್ನ ಬೀಳ್ತಿತ್ತು.
ಗುಂಗಾಡು ಕಚ್ಚಿದ ಮ್ಯಾಲೇ ತಿಳೀತಿತ್ತು.

ಶಹಾಬಾದ ಖಣ್ಯಾಗ ನಲವತ್ತು ವರ್ಷ
ಫರಸಿ ಎಬ್ಬಿಸಿ, ಸುತ್ತಿಗಿ ತುದಿ ತಾಕಿಸಿ ಕೇಳಾಂವ ನಾ.
ಠಣ್ ಅಂದ್ರ ಗಟ್ಟಿ,
ಠಸ್ ಅಂದ್ರ ಒಳಗ ಬಿರುಕು.
ಎರಡು ವರ್ಷಾತು, ಎಲ್ಲಾ ಒಂದೇ.
ಯಾರಿಗೂ ಹೇಳಿಲ್ಲ. ಅಂಗೈ ಇಟ್ಟು
ಕಲ್ಲು ನಡುಗೋದು ನೋಡಿ ದರ ಹೇಳ್ತಿದ್ದೆ.

ಒತ್ತಿದೆ.
"ಕಾಕಾ, ಈಗ ನಾ ಏನೂ ಬಿಟ್ಟಿಲ್ಲ."

ಗೊತ್ತದವ್ವ. ಆದ್ರೂ ಬಂತು.
ಮಂದಿ ಮಲಗಿದ ಮ್ಯಾಲ ದಿನಾ ಬರೋದೇ ಇದು,
ಎಳಿ ಹಿಡದಂಗ, ಹರಿಯಂಗಿಲ್ಲ.
ಎಲ್ಲಿದೋ ಒಂದು ಫರಸಿ,
ಇನ್ನೂ ಠಣ್ ಅಂತಾನೇ ಅದ,
ಒಂದೂ ಬಿರುಕಿಲ್ಲ.